ಮೀನು ಪೇಟೆಗೆ ಬಂದ ಶಾರ್ಕ್ ಮರಿ

ಗದಗಿನ ಮೀನು ಪೇಟೆಯಲ್ಲಿ ಪಕ್ಕದ ಬೆಟಗೇರಿಯ ನಮ್ಮ ಓಣಿಯ ಹಿರಿಯ ನೇಕಾರರೊಬ್ಬರು ಐಸಿನೊಳಗಿಂದ ಗೇಣುದ್ದದ ಎರಡು ಶಾರ್ಕ್ ಮರಿಗಳನ್ನು ಆರಿಸಿ ತೆಗೆಯುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಹಿಂದಿನ ದಿನವಷ್ಟೇ ಶಾರ್ಕ್ ಉಳಿಸುವ ಮನವಿಗೆ ಸಹಿ ಕೇಳಲು ಹೋದಾಗ ಅವರು ಮಗ್ಗದಿಂದ ಏಳದೆಯೇ, "ನಮ್ಮ ಬೆಟಗೇರ್ಯಾಗ ಸಮುದ್ರ ಎಲ್ಲೈತಿ ತಂಗಿ?" ಎಂದು ನಕ್ಕು ಸಾಗಹಾಕಿದ್ದರು.

"ಕಾಕಾ, ಇವು ಎಲ್ಲಿಂದ ಬಂದಾವ್ರಿ?" ಎಂದೆ.

"ಕಾರವಾರದಿಂದ. ಮಗಳು ಬಾಣಂತಿ ಅದಾಳ, ಇದನ್ನ ತಿಂದ್ರ ಹಾಲು ಹೆಚ್ಚಾಗ್ತಾವಂತ," ಎಂದರು, ಸ್ವಲ್ಪವೂ ಅಳುಕದೆ. ಮರಿಗಳೇ ಹೀಗೆ ಚೀಲ ಸೇರಿದರೆ ಸಮುದ್ರದಲ್ಲಿ ಬೆಳೆದು ದೊಡ್ಡದಾಗುವುದಾದರೂ ಯಾವುದು?

ಈಗ ನಾನು ಸಹಿಗಾಗಿ ಮನೆಮನೆ ಅಲೆಯುವುದಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಮನವಿ ಹಿಡಿದು ಮೀನು ಪೇಟೆಯ ಬಾಗಿಲಲ್ಲೇ ನಿಲ್ಲುತ್ತೇನೆ. ಸಮುದ್ರ ಎಲ್ಲಿದೆ ಎಂದು ಅಲ್ಲಿ ಇದುವರೆಗೆ ಯಾರೂ ಕೇಳಿಲ್ಲ.