ದಫೇದಾರನ ಜಾಗ

ಇವತ್ತು ಬೆಳಿಗ್ಗೆ ನನ್ನ ಸೀರೆಯ ಅಂಚಿಗೆ ಏಳೆಂಟು ಉತ್ತರಾಣಿ ಮುಳ್ಳು ಕಚ್ಚಿಕೊಂಡಿದ್ದವು. ಪಕ್ಕದ ಖಾಲಿ ಸೈಟಿನಲ್ಲಿ ಪೂಜೆಗೆ ಹೂವು ಕಿತ್ತದ್ದರ ಪ್ರಸಾದ ಅದು. ಕದ್ದ ಹೂವು ಎಂದು ನಮ್ಮ ಯಜಮಾನರ ವಾದ; ಬೇಲಿಯಿಲ್ಲದ ಜಾಗದಲ್ಲಿ ಅರಳಿದ್ದು ದೇವರದೇ ಎಂದು ನನ್ನ ವಾದ. ಇಬ್ಬರೂ ನಿವೃತ್ತರಾದ ಮೇಲೆ ಜಗಳಕ್ಕೆ ವಿಷಯಗಳು ಕಡಿಮೆಯಾಗಿವೆ, ಹಾಗಾಗಿ ಇರುವುದನ್ನೇ ಜೋಪಾನವಾಗಿ ಬಳಸುತ್ತೇವೆ. ಮೆಟ್ಟಿಲ ಮೇಲೆ ಕೂತು ಮುಳ್ಳು ತೆಗೆಯುತ್ತಿದ್ದಾಗ ಒಂದು ವಿಷಯ ಗಮನಕ್ಕೆ ಬಂತು. ನಾನು ಅವನ್ನು ಕೀಳುತ್ತಿರಲಿಲ್ಲ; ಬೆರಳ ತುದಿಯಲ್ಲಿ ಹೊರಳಿಸಿ, ಸಡಿಲ ಮಾಡಿ, ಮೆಲ್ಲಗೆ ಜಾರಿಸುತ್ತಿದ್ದೆ. ಸೀರೆಗೆ ಯಾರೂ ಇಷ್ಟು ಉಪಚಾರ ಮಾಡುವುದಿಲ್ಲ. ಉಣ್ಣೆಗೆ ಮಾಡುತ್ತಾರೆ.

ನಿಮಗೆ ಉಣ್ಣೆಯ ಮುಳ್ಳು ಬಿಡಿಸಿ ಗೊತ್ತಿರಲಿಕ್ಕಿಲ್ಲ. ಕುರಿ ಎಲ್ಲೆಲ್ಲಿ ಮೇದಿದೆಯೋ ಅಲ್ಲಿನದೆಲ್ಲ ಅದರ ಮೈಮೇಲೆ ಬಂದಿರುತ್ತದೆ. ಉಣ್ಣೆ ಕತ್ತರಿಸಿದ ಮೇಲೆ ಅದನ್ನು ಬಿಡಿಸದೆ ನೂತರೆ ಕಂಬಳಿ ಹೊದ್ದವನು ರಾತ್ರಿಯಿಡೀ ಮೈ ಕೆರೆದುಕೊಳ್ಳಬೇಕು. ಮಧುಗಿರಿಯ ನಮ್ಮ ಮನೆಯಲ್ಲಿ, ನಾನು ಕಾಲೇಜಿಗೆ ಹೋಗುತ್ತಿದ್ದ ಎಪ್ಪತ್ತರ ದಶಕದ ಕೊನೆಯಲ್ಲಿ, ಈ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೆಲಸ ಕೊಟ್ಟವನು ತಾತ, ಅಪ್ಪನ ಅಪ್ಪ.

ತಾತ ಹುಟ್ಟಿದಾಗಿನಿಂದ ಕುರಿಗಳ ಹಿಂದೆ ನಡೆದವನು. ಗೌಡಗೆರೆ ಅವನ ಊರು ಅನ್ನುವುದು ಮತದಾರರ ಪಟ್ಟಿಗೆ ಮಾತ್ರ. ವರ್ಷದಲ್ಲಿ ಎಂಟು ತಿಂಗಳು ಅವನು ಮಂದೆಯ ಜೊತೆ ಮಿಡಿಗೇಶಿ, ಪಾವಗಡ ಅಂತ ತಿರುಗುತ್ತಿದ್ದ. ಅಜ್ಜಿ ತೀರಿಕೊಂಡ ಮೇಲೆ ಮೇಷ್ಟ್ರಾಗಿದ್ದ ಅಪ್ಪ ಹಟ ಹಿಡಿದು, ಕುರಿಗಳನ್ನೆಲ್ಲ ಗೌಡಗೆರೆಯಲ್ಲೇ ಇದ್ದ ನನ್ನ ಸೋದರತ್ತೆಯ ಸುಪರ್ದಿಗೆ ಕೊಡಿಸಿ, ತಾತನನ್ನು ನಮ್ಮ ಮನೆಗೆ ಕರೆತಂದರು. ಆವತ್ತು ನಡೆದ ಮಾತು ನನಗಿನ್ನೂ ನೆನಪಿದೆ.

“ಸರ್ಕಾರದೋರೇ ಐವತ್ತೈದಕ್ಕೆ ರಿಟೈರ್ ಮಾಡಿ ಕೂತ್ಕೋ ಅಂತಾರೆ, ಅಪ್ಪಯ್ಯ. ನಿನಗೆ ಎಪ್ಪತ್ತಾಯ್ತು.”

“ಕೂತ್ಕಂಡು ಏನ್ ಮಾಡ್ತಾರ್ಲಾ?”

ಅಪ್ಪ ತಾತನ ಕಂಬಳಿಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡರು. ಈಗ ನಾನೇ ನಿವೃತ್ತಳು, ಆ ಪ್ರಶ್ನೆಗೆ ಉತ್ತರ ನನಗಿನ್ನೂ ಹೊಳೆದಿಲ್ಲ.

ತಾತನ ಜೊತೆ ಬಂದದ್ದು ಉಣ್ಣೆ ನೂಲುವ ಒಂದು ಕದಿರು, ಒಂದು ಕಂಬಳಿ ಮತ್ತು ಒಂದು ಮುದಿ ನಾಯಿ. ನಾಯಿಯ ಹೆಸರು ದಫೇದಾರ. ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರ ಮುಂದೆ ಕೆಂಪು ಪಟ್ಟಿ ಹಾಕಿಕೊಂಡು ದಾರಿ ಬಿಡಿಸುತ್ತ ನಡೆಯುವ ದಫೇದಾರನನ್ನು ತಾತ ಒಮ್ಮೆ ನೋಡಿದ್ದನಂತೆ. ಈ ನಾಯಿಯೂ ಮರಿಯಿದ್ದಾಗಿನಿಂದ ಮುಂದೆಯೇ ನಡೆಯುತ್ತಿತ್ತು, ಅಷ್ಟೇ ಗತ್ತಿನಿಂದ. ನಮ್ಮ ಮನೆಗೆ ಬರುವ ಹೊತ್ತಿಗೆ ಅದರ ಒಂದು ಕಣ್ಣಿಗೆ ಪೂರ್ತಿ ಪೊರೆ ಬಂದಿತ್ತು, ಗತ್ತು ಮಾತ್ರ ಹಾಗೇ ಇತ್ತು.

ಉಣ್ಣೆ ಅತ್ತೆಯ ಜೊತೆ ಬರುತ್ತಿತ್ತು. ಅವಳು ತಿಂಗಳಿಗೊಮ್ಮೆ ಒಂದು ಚೀಲ ಉಣ್ಣೆ, ಒಂದು ಚೀಲ ಕಡಲೆಕಾಯಿ ಹೊತ್ತು ಬಸ್ಸಿನಲ್ಲಿ ಬಂದಿಳಿಯುವಳು. ಬಂದವಳೇ ಮೊದಲು ನೋಡುತ್ತಿದ್ದದ್ದು ತಾತ ನೂತಿಟ್ಟ ಉಂಡೆಗಳನ್ನು, ಆಮೇಲೆ ನಮ್ಮನ್ನು. ಆ ನೂಲು ನನ್ನ ಮದುವೆಯ ಕಂಬಳಿಗೆ. ನಮ್ಮಲ್ಲಿ ಹೆಣ್ಣು ಗಂಡು ಕೂರುವುದು ಕರಿ ಕಂಬಳಿಯ ಮೇಲೆ, ಅದನ್ನು ಹೆಣ್ಣಿನ ಮನೆಯ ಹಿರಿಯರು ತಮ್ಮ ಕುರಿಯ ಉಣ್ಣೆಯಿಂದ ನೂಲಬೇಕು. ಅತ್ತೆಯ ಕಂಬಳಿಗೂ ತಾತನೇ ನೂತದ್ದು.

ಆದರೂ ಆಗ ನನಗೆ ತಾತನೆಂದರೆ ನಾಚಿಕೆ; ಇದರಲ್ಲಿ ನಾಚಿಕೆ ಪಡುವುದೇನಿದೆ ಎಂದು ನೀವು ಕೇಳಬಹುದು. ಇತ್ತು. ತಾತನಿಗೆ ಕೂತು ನೂಲಲು ಬರುತ್ತಿರಲಿಲ್ಲ. ಮಂದೆಯ ಹಿಂದೆ ನಡೆಯುತ್ತಲೇ ಕಲಿತ ವಿದ್ಯೆ ಅದು. ಎಡಗೈ ಮಣಿಕಟ್ಟಿಗೆ ಉಣ್ಣೆ ಸುತ್ತಿಕೊಂಡು, ತೊಡೆಗೆ ಉಜ್ಜಿ ಕದಿರನ್ನು ತಿರುಗಲು ಬಿಟ್ಟು, ಮೊಣಕಾಲುದ್ದದ ಪಂಚೆಯಲ್ಲಿ ಅವನು ದಿನಾ ಸಂಜೆ ನಮ್ಮ ಬೀದಿಯಲ್ಲಿ ಹೊರಡುತ್ತಿದ್ದ. ದಫೇದಾರ ಮುಂದೆ, ತಾತ ಹಿಂದೆ. ಕಡಲೆಕಾಯಿ ಮಿಲ್ ದಾಟಿ, ಮಿಡಿಗೇಶಿ ರಸ್ತೆಯ ಹುಣಸೆಮರದವರೆಗೆ ಹೋಗಿ ವಾಪಸು. ಅದೇ ಹೊತ್ತಿಗೆ ಕಾಲೇಜು ಬಿಡುತ್ತಿತ್ತು. ನಾನು ಗೆಳತಿಯರ ಜೊತೆ ಬರುತ್ತಿದ್ದವಳು ತಾತ ದೂರದಲ್ಲಿ ಕಂಡರೆ ಎಡಗಡೆಯ ಸಂದಿಗೆ ತಿರುಗಿಬಿಡುತ್ತಿದ್ದೆ. ಆ ಸಂದಿಯಲ್ಲಿ ಯಾವಾಗಲೂ ಕೊಚ್ಚೆ. ತಾತನನ್ನು ತಪ್ಪಿಸಿಕೊಳ್ಳಲು ನಾನು ಎಷ್ಟು ಲಂಗಗಳನ್ನು ಹಾಳುಮಾಡಿಕೊಂಡೆನೋ ಲೆಕ್ಕವಿಲ್ಲ.

ಅಪ್ಪನೂ ನನ್ನಂತೆಯೇ. ಯಾರದೋ ಮನೆಯ ಅಟ್ಟದಿಂದ ಒಂದು ಹಳೆಯ ರಾಟೆ ತಂದು ತಾತನ ಮುಂದಿಟ್ಟರು, ಜಗಲಿಯಲ್ಲೇ ಕೂತು ನೂಲಲಿ ಎಂದು. ತಾತ ಎರಡು ದಿನ ಮರ್ಯಾದೆಗೆ ಕೂತ. ಮೂರನೆಯ ದಿನ ರಾಟೆಯನ್ನು ಅಮ್ಮ ಒಣಮೆಣಸಿನಕಾಯಿ ಹರಡುವ ಜಾಗಕ್ಕೆ ಸರಿಸಿ ಬೀದಿಗಿಳಿದ.

ಹೀಗಿರುವಾಗ ಪಾವಗಡದ ಕಡೆಯ ಒಂದು ಸಂಬಂಧ ಬಂತು. ಹುಡುಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಭಾನುವಾರ ಸಂಜೆ ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರು. ತಾತನಿಗೆ ಹೇಳುವವರು ಯಾರು ಎಂದು ಅಪ್ಪ ಅಮ್ಮ ಪರಸ್ಪರ ಮುಖ ನೋಡಿಕೊಂಡರು. ಭಾನುವಾರ ಮಧ್ಯಾಹ್ನ ನಾನೇ ಹೋದೆ.

“ತಾತ, ಇವತ್ತೊಂದು ದಿನ ಬೀದಿಗೆ ಹೋಗಬೇಡ.”

“ಯಾಕಮ್ಮ?”

“ಬಿಸಿಲು ಜಾಸ್ತಿ.”

ತಾತ ಮೇಲೆ ನೋಡಿದ. ಕಾರ್ತಿಕದ ಮೋಡ, ಬೆಟ್ಟದ ತುದಿಯೂ ಕಾಣುತ್ತಿರಲಿಲ್ಲ. ಅವನು ನನ್ನನ್ನೂ ಒಂದು ಗಳಿಗೆ ನೋಡಿದ.

“ಊಂ ಕಣಮ್ಮ,” ಅಂದ. “ಬಿಸ್ಲು ಜಾಸ್ತಿನೇ ಐತೆ.” ಕದಿರನ್ನು ಸೂರಿಗೆ ಸಿಕ್ಕಿಸಿ ಹಿತ್ತಲಿಗೆ ಹೋಗಿ ಕೂತ.

ಬಂದವರು ಉಪ್ಪಿಟ್ಟು ತಿಂದರು. ಹುಡುಗನ ಸೋದರತ್ತೆ ಮೂಗರಳಿಸಿ, “ಎಲ್ಲೋ ಉಣ್ಣೆ ವಾಸ್ನೆ ಬತ್ತೈತಲ್ಲ, ಇಂಟ್ಲೋ ಗೊರ್ರೆಲು ಉನ್ನಾಯಾ?” ಅಂದರು. ಮನೆಯಲ್ಲಿ ಕುರಿ ಇವೆಯಾ ಎಂದು, ಅವರ ಕಡೆಯ ತೆಲುಗಿನಲ್ಲಿ. ಅಪ್ಪ, “ಇಲ್ಲ ಇಲ್ಲ, ಪಕ್ಕದ ಮನೆಯವರದು,” ಅಂದುಬಿಟ್ಟರು. ಪಕ್ಕದ ಮನೆಯಲ್ಲಿದ್ದವರು ಪೋಸ್ಟ್ ಮಾಸ್ಟರು. ಮದುವೆಯಾಗಿ ಆರು ತಿಂಗಳ ಮೇಲೆ ನನಗೆ ತಿಳಿಯಿತು, ಗಂಡಿನ ಕಡೆಯವರೂ ಆವತ್ತು ಮಂದೆ ಕಾಯುತ್ತಿದ್ದ ತಮ್ಮ ಅಜ್ಜನನ್ನು ಮಂಡಿ ನೋವಿನ ನೆಪ ಹೇಳಿ ಮನೆಯಲ್ಲೇ ಬಿಟ್ಟು ಬಂದಿದ್ದರು. ಎರಡು ಮನೆಯವರೂ ಎದುರುಬದುರು ಕೂತು ಕುರಿ ಮುಚ್ಚಿಟ್ಟುಕೊಂಡು ಕಾಫಿ ಕುಡಿದಿದ್ದೆವು.

ದೀಪ ಹಚ್ಚುವ ಹೊತ್ತಿಗೆ ದಫೇದಾರ ಇರಲಿಲ್ಲ. ನಡೆಯುವ ಹೊತ್ತಾದಾಗ ಅದು ಎದ್ದು, ಬಾಗಿಲಲ್ಲಿ ಸ್ವಲ್ಪ ಹೊತ್ತು ಕಾದು, ತಾನೇ ಹೊರಟಿತ್ತು. ಪೋಸ್ಟ್ ಮಾಸ್ಟರ ಹೆಂಡತಿ ನೋಡಿದ್ದರು. ಹಿಂದೆ ಬರುವವನು ಬರುತ್ತಿದ್ದಾನೆ ಎಂದುಕೊಂಡು ಅದು ಹುಣಸೆಮರದ ಹತ್ತಿರವೂ ನಿಲ್ಲಲಿಲ್ಲ ಅಂತ ಕಾಣುತ್ತದೆ.

ತಾತ ಎರಡು ದಿನ ಹುಡುಕಿದ. ಯಾರನ್ನೂ ಬಯ್ಯಲಿಲ್ಲ. ಅವನು ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಮೂರನೆಯ ದಿನ ಬಸ್ಸಿನ ಕಂಡಕ್ಟರೊಬ್ಬ, ಮಿಡಿಗೇಶಿಯ ಈಚೆ ಹೊಲದಲ್ಲೊಂದು ಮುದಿ ನಾಯಿ ಬಿದ್ದುಕೊಂಡಿದೆ ಎಂದ. ತಾತ ಬಸ್ಸಿನಲ್ಲಿ ಹೋದ. ಬರುವಾಗ ನಾಯಿಯನ್ನು ಬಸ್ಸಿಗೆ ಹತ್ತಿಸಲಿಲ್ಲವಂತೆ. ಮಾರನೆಯ ದಿನ ಮಧ್ಯಾಹ್ನ, ಮರಿ ಹೊರುವ ಹಾಗೆ ಅದನ್ನು ಹೆಗಲ ಮೇಲೆ ಹಾಕಿಕೊಂಡು ನಡೆದೇ ಬಂದ. ಬಾಗಿಲಲ್ಲಿ ನಾನಿದ್ದೆ. ತಪ್ಪಾಯಿತು ತಾತ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, “ಕಾಫಿ ಮಾಡಲಾ?”

“ಮೊದ್ಲು ಇವ್ನಿಗೆ ನೀರು ಕೊಡು,” ಅಂದ ತಾತ. “ನಾವು ಮಂದೆ ನಿಲ್ಲಿಸ್ತಿದ್ದ ಹೊಲ ಕಣಮ್ಮ ಅದು. ಕುರಿ ಬತ್ತವೆ ಅಂತ ಕಾಯ್ತಾ ಬಿದ್ದಿತ್ತು.”

ದಫೇದಾರನ ಪಾದಗಳು ಒಡೆದುಹೋಗಿದ್ದವು. ಅದು ಮತ್ತೆ ನಡೆಯಲಿಲ್ಲ, ಜಗಲಿಯ ಮೇಲೆ ಗೋಣಿಚೀಲದಲ್ಲಿ ಮಲಗಿರುತ್ತಿತ್ತು. ನಿಜವಾದ ತೊಂದರೆ ಶುರುವಾದದ್ದು ಆಮೇಲೆ. ಸಂಬಂಧ ಕುದುರಿ, ಮಾಘದಲ್ಲಿ ಮದುವೆ ಎಂದಾಯಿತು. ಗೌಡಗೆರೆಯ ಅತ್ತೆ ಬಂದು ಉಂಡೆಗಳನ್ನು ನೋಡಿ, ಕಂಬಳಿಗೆ ಇನ್ನೂ ಎಂಟು ಬೇಕು ಎಂದಳು. ತಾತ ಒಬ್ಬನೇ ಬೀದಿಗಿಳಿದ. ನೂಲು ಕಿತ್ತುಹೋಯಿತು. ಗಂಟು ಹಾಕಿ ಮತ್ತೆ ನಡೆದ, ಮತ್ತೆ ಕಿತ್ತುಹೋಯಿತು. ಒಂದು ವಾರದಲ್ಲಿ ಅವನು ನೂತದ್ದು ನಿಂಬೆಹಣ್ಣಿನ ಗಾತ್ರ, ಅದರಲ್ಲೂ ಅರ್ಧ ಗಂಟುಗಳೇ.

“ಬಿಡಪ್ಪಯ್ಯ, ಸಿರಾ ಸಂತೇಲಿ ಒಂದು ಕಂಬಳಿ ತಂದರಾಯ್ತು,” ಅಂದರು ಅಪ್ಪ.

“ಊಂ, ತನ್ನಿ ಬುಡು,” ಅಂದ ತಾತ. ಆ ರಾತ್ರಿ ಅವನು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮರುದಿನ ನಾನು ಅವನ ಪಕ್ಕ ಕೂತು ಮುಳ್ಳು ಬಿಡಿಸುತ್ತ ಕೇಳಿದೆ, ಯಾಕೆ ತಾತ, ಕೈ ನಡುಗುತ್ತದಾ ಅಂತ.

“ಕೈಗೇನಾಗೈತೆ? ಮುಂದೆ ಯಾರಾನ ನಡೀತಿರ್ಬೇಕು ಕಣಮ್ಮ. ಕಣ್ಣು ಅಲ್ಲಿರ್ಬೇಕು, ಕೈ ಅದರ ಪಾಡಿಗೆ ಇಲ್ಲಿರ್ಬೇಕು. ಮುಂದೆ ಯಾರೂ ಇಲ್ಲ ಅಂದ್ರೆ ಕಣ್ಣು ಬಂದು ಕೈ ಮೇಲೆ ಕೂತ್ಕತ್ತದೆ. ನೂಲು ಎದರ್ಕಂಡು ಕಿತ್ತೋಯ್ತದೆ.”

ನಾನೇನೂ ದೊಡ್ಡ ತ್ಯಾಗಜೀವಿಯಲ್ಲ. ಆ ದಿನ ಸಂಜೆ ಕಾಲೇಜಿನಿಂದ ಬಂದವಳು ಪುಸ್ತಕ ಇಟ್ಟು, ಇನ್ನೊಂದು ಸಲ ಯೋಚಿಸಿದರೆ ಧೈರ್ಯ ಹೋಗುತ್ತದೆಂದು ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿಗಿಳಿದು, “ನಡಿ ತಾತ, ನಾನು ಮುಂದೆ ಇರ್ತೀನಿ,” ಅಂದೆ. ತಾತ ಬೇಡ ಅನ್ನಲಿಲ್ಲ. ದಫೇದಾರನಿಗೆ ಹೇಳುವ ಹಾಗೆಯೇ ನನಗೂ ಹೇಳಿದ.

“ಬಿರ್ರನೆ ಓಗ್ಬೇಡ. ಇಂದಕ್ಕೆ ತಿರುಗ್ಬೇಡ. ಮುಂದಿರೋದು ತಿರುಗ್ತು ಅಂದ್ರೆ ಇಂದಿರೋನು ನಿಂತ್ಬುಡ್ತಾನೆ.”

ಮೊದಲ ಸಂಜೆ ನನ್ನ ಕಣ್ಣು ನನ್ನ ಕಾಲ ಬೆರಳುಗಳ ಮೇಲೆಯೇ ಇತ್ತು. ಮಿಲ್ಲಿನ ಬಾಗಿಲಲ್ಲಿ ಗೆಳತಿಯೊಬ್ಬಳು ಸಿಕ್ಕಿ, “ಏನೇ, ಎಲ್ಲಿಗೆ?” ಅಂದಳು. “ಕುರಿಯಾಗಿದ್ದೀನಿ ಕಣೇ,” ಅಂದೆ. ಅವಳಿಗೆ ಅರ್ಥವಾಗಲಿಲ್ಲ, ನನಗೆ ಮಾತ್ರ ನಗು ಬಂದು ಹೆದರಿಕೆ ಹೋಯಿತು. ಐದಾರು ದಿನಗಳಲ್ಲಿ ಕಿವಿ ಹಿಂದಕ್ಕೆ ನೆಟ್ಟುಕೊಂಡಿತು. ಕದಿರು ತಿರುಗುವ ಸದ್ದು, ಅದು ನೆಲದ ಹತ್ತಿರ ಇಳಿದಾಗ ತಾತ ನಿಲ್ಲುವುದು, ನೂಲು ಸುತ್ತಿಕೊಳ್ಳುವುದು, ಮತ್ತೆ ತೊಡೆಗೆ ಉಜ್ಜುವುದು. ಅವನು ನಿಂತಾಗ ನಾನು ನಿಲ್ಲುತ್ತಿದ್ದೆ, ನಡೆದಾಗ ನಡೆಯುತ್ತಿದ್ದೆ. ನೂಲು ಒಮ್ಮೆಯೂ ಕಿತ್ತುಹೋಗಲಿಲ್ಲ. ಮನೆ ಮುಟ್ಟಿದಾಗ ದಫೇದಾರ ಗೋಣಿಯ ಮೇಲಿಂದ ತಲೆಯೆತ್ತಿ ನನ್ನನ್ನು ನೋಡುತ್ತಿತ್ತು. ತನ್ನ ಜಾಗಕ್ಕೆ ಬಂದವಳು ಎಂಥವಳು ಎಂದು ಅಳೆಯುತ್ತಿದೆ ಅನ್ನಿಸುತ್ತಿತ್ತು.

ಒಂದು ತಿಂಗಳು ಹಾಗೆ ನಡೆದೆವು. ಎಂಟು ಉಂಡೆಗಳು ಆದವು, ಅತ್ತೆ ನೇಯಿಸಲು ಒಯ್ದಳು, ಕಂಬಳಿ ಬಂತು. ಅದರ ಮೇಲೆ ಕೂತು ನಾನು ಮದುವೆಯಾದೆ. ದಫೇದಾರ ಆ ಬೇಸಿಗೆಯಲ್ಲೇ ಹೋಯಿತು. ತಾತ ಎರಡು ವರ್ಷ ಇದ್ದ, ನೂಲಲಿಲ್ಲ. ಅವನು ತೀರಿಕೊಂಡಾಗ ನಾನು ಪಾವಗಡದಲ್ಲಿ ಬಾಣಂತಿ. ಸುದ್ದಿ ಬಂದಾಗ ಎಲ್ಲ ಮುಗಿದಿತ್ತು.

ಮಗುವನ್ನು ಎತ್ತಿಕೊಂಡು ಊರಿಗೆ ಹೋದಾಗ ಪೋಸ್ಟ್ ಮಾಸ್ಟರ ಹೆಂಡತಿ ನೋಡಲು ಬಂದರು. ಹಳೆಯದೆಲ್ಲ ಮಾತಾಡುತ್ತ, “ನೀನು ಮುಂದೆ ಹೋಗ್ತಿದ್ರೆ ನಿಮ್ಮ ತಾತ ಹಿಂದೆ ನಗ್ತಾ ನಗ್ತಾ ಬರೋರು ಕಣಮ್ಮ. ನಾನು ದಿನಾ ಕಿಟಕೀಲಿ ನಿಂತು ನೋಡ್ತಿದ್ದೆ,” ಅಂದರು. ನಾನು ಮಗುವಿನ ಕುಲಾವಿ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ. ಅವರು ನೋಡಿದ್ದರು. ಮಿಲ್ಲಿನವರು, ಇಡೀ ಬೀದಿ ನೋಡಿತ್ತು. ನೂಲುವಾಗ ತಾತನ ಮುಖ ಹೇಗಿರುತ್ತಿತ್ತು ಎಂದು ಗೊತ್ತಿಲ್ಲದವಳು ನಾನೊಬ್ಬಳೇ. ನಾಚಿಕೆ ಪಡುತ್ತಿದ್ದ ಕಾಲದಲ್ಲಿ ನಾನು ನೋಡಲಿಲ್ಲ. ಮುಂದೆ ನಡೆದ ಕಾಲದಲ್ಲಿ ನೋಡುವಂತಿರಲಿಲ್ಲ.

ಇವತ್ತು ಸಂಜೆ ನಾವಿಬ್ಬರೂ ಎಂದಿನಂತೆ ನಡೆಯಲು ಹೋಗಿದ್ದೆವು. ಆವತ್ತು ಅವರ ಅಜ್ಜನ ಮಂಡಿ ನೋವು ನೆಪ, ಈಗ ಯಜಮಾನರದು ನಿಜ. ಹತ್ತು ಹೆಜ್ಜೆ ಹಿಂದೆಯೇ ಬರುತ್ತಾರೆ. ಇಷ್ಟು ವರ್ಷ ನಾನು ಅದರ ಮೇಲೆ ಗೊಣಗುತ್ತ, ತಿರುಗಿ ನೋಡದೆ ನಡೆದುಬಿಡುತ್ತಿದ್ದೆ. ಇವತ್ತು ಅವರ ಮುಖ ನೋಡಬೇಕೆನಿಸಿ ನಡುಬೀದಿಯಲ್ಲಿ ನಿಂತು ತಿರುಗಿದೆ. ಅವರು ನನ್ನನ್ನೇ ನೋಡಿಕೊಂಡು ಬರುತ್ತಿದ್ದವರು ತಾವೂ ನಿಂತರು.

“ಏನು, ಏನಾದರೂ ಬಿಟ್ಟುಬಂದೆಯಾ?” ಅಂದರು.

ಹೌದು ಅಂದೆ.