ನೀಲಕ್ಕ ಕೊಟ್ಟ ಐದು ರೊಟ್ಟಿ

"ನಾ ಅಲ್ರಿ, ನಮ್ಮಕ್ಕ." ಇಷ್ಟೇ ಮಾತು. ಹತ್ತು ವರ್ಷದವನಿದ್ದಾಗ ಆಡಬೇಕಿತ್ತು, ಆಡಲಿಲ್ಲ. ಆಮೇಲೆ ಅರವತ್ತು ವರ್ಷ ಬಾಯಿ ಬರಲಿಲ್ಲ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು, ತಿಳಿದಂತೆ ಬರೆಯುತ್ತೇನೆ.

ಆಗೆಲ್ಲ ಸುಗ್ಗಿ ಮುಗಿದ ಮೇಲೆ ಸಿಂದಗಿಗೆ ಟೂರಿಂಗ್ ಟಾಕೀಸಿನ ಡೇರೆ ಬರುತ್ತಿತ್ತು. ಬೇರೆ ಊರುಗಳಲ್ಲಿ ಓಡಿ ಸವೆದ ಚಿತ್ರಗಳೇ ನಮಗೆ ಹೊಸವು: ದೇವರದು, ಕತ್ತಿವರಸೆಯದು, ಅತ್ತೆ-ಸೊಸೆಯದು. ಮೊದಲ ದಿನವೇ ನಾನೂ ನಮ್ಮಕ್ಕ ನೀಲಕ್ಕನೂ ನೋಡಿ ಬರುತ್ತಿದ್ದೆವು. ಮರುದಿನ ಅವಳು ರೊಟ್ಟಿ ಬಡಿಯುವಾಗ ಓಣಿಯ ಹೆಂಗಸರು ಬಾಗಿಲಿಗೆ ಬಂದು, "ಎಷ್ಟ ರೊಟ್ಟಿ ಸಿನಿಮಾನ ನೀಲಾ?" ಎನ್ನುವರು. ಐದು ರೊಟ್ಟಿ ಎಂದರೆ ಹೊಟ್ಟೆ ತುಂಬಿತು.

"ದೇವರು ಚಲೋ ಅದಾನ, ಆದ್ರ ಮೀಸಿ ಕಿತ್ತ ಬರಾಕತ್ತಿತ್ತು. ಮೂರ."

"ಬರೇ ಕತ್ತಿ ಸಪ್ಪಳ. ಒಂದೂವರಿ. ಅದೂ ಕುದರಿ ಸಲುವಾಗಿ."

ಐದು ಯಾವುದಕ್ಕೂ ಸಿಕ್ಕಿರಲಿಲ್ಲ.

ಆ ವರ್ಷ ಬಹಳ ಹಳೆಯದೊಂದು ಚಿತ್ರ ಬಂತು. ಹೊಡೆದಾಟವಿಲ್ಲ, ಕುಣಿತವಿಲ್ಲ. ಇಪ್ಪತ್ತು ಮಂದಿಯೂ ಸೇರಲಿಲ್ಲ. ಡೇರೆಯ ಮಾಲಕರು ಗೂಟ ಕಿತ್ತು ಇಂಡಿ ಊರಿಗೆ ಹೊರಡುವುದರಲ್ಲಿದ್ದರು. ನೀಲಕ್ಕ ಮಾತ್ರ ಮರುದಿನ ರೊಟ್ಟಿ ಬಡಿಯುತ್ತ ಮೊಣಕೈಯಿಂದ ಕಣ್ಣೊರೆಸಿಕೊಂಡು, "ಐದ ರೊಟ್ಟಿ. ಆ ಮುದುಕಿ ಬಾಯಿನ ಬಿಡಂಗಿಲ್ಲ. ಮಗ ಬಿಟ್ಟು ಹೋದ ಅಂಗಿ ಹೆಂಗ ಮಡಚ್ತಾಳ, ಆಕಿ ಕೈ ನೋಡ್ರಿ" ಎಂದಳು.

ಅಂದು ಸಂತೆ. ಮೆಣಸಿನಕಾಯಿ ಸಾಲಿನಿಂದ ದನದ ಪೇಟೆಯವರೆಗೆ ನಾನು ಅದನ್ನೇ ಕೂಗುತ್ತ ಓಡಿದೆ. "ಐದ ರೊಟ್ಟಿ ಸಿನಿಮಾ! ಮುದುಕಿ ಕೈ ನೋಡ್ರೀ!" ಸಂಜೆಗೆ ಡೇರೆಯ ಬದಿ ಎತ್ತಿ ಕಟ್ಟಿ, ಹೊರಗೂ ಮಂದಿಯನ್ನು ಕೂರಿಸಬೇಕಾಯಿತು.

ಆಟ ಮುಗಿದಾಗ ಎಲ್ಲರ ಕಣ್ಣೂ ಒದ್ದೆ. ಮಾಲಕರು ಬಾಕಿನ ಮೇಲೆ ಹತ್ತಿ, "ಆ ಕೈ ಮೊದಲ ಕಂಡವರು ಯಾರಪಾ?" ಎಂದರು. ಹೆಂಗಸರ ಕಡೆ ಅಕ್ಕ ಅರ್ಧ ಎದ್ದಿದ್ದಳು.

"ನಾನ್ರೀ!" ಎಂದೆ.

ಹೆಗಲ ಮೇಲೆ ಹೊತ್ತು ಕುಣಿಸಿದರು. ಸೀಟಿ, ಮೇಲೆ ಶೇಂಗಾ ಸಿಪ್ಪೆಯ ಮಳೆ. ಅಕ್ಕ ಕೂತುಬಿಟ್ಟಳು. ಮರುದಿನದಿಂದ ಯಾರು ಕೇಳಿದರೂ "ಅವಗ ಕೇಳ್ರಿ" ಎಂದಳು. ಮತ್ತೆ ಯಾವ ಸಿನಿಮಾಕ್ಕೂ ರೊಟ್ಟಿ ಕೊಡಲಿಲ್ಲ.

ಡೇರೆಯ ಬಯಲಿನಲ್ಲಿ ಈಗ ಅಂಗಡಿ ಸಾಲು. ಮೊಮ್ಮಕ್ಕಳು ಫೋನಿನಲ್ಲಿ ಚುಕ್ಕಿ ಎಣಿಸಿ ಸಿನಿಮಾ ಆರಿಸುತ್ತಾರೆ. ಬಾಗಿಲಿಗೆ ಬಂದು ಕೇಳುವವರಿಲ್ಲ. ಹೋದ ತಿಂಗಳು ಮುದ್ದೇಬಿಹಾಳದಲ್ಲಿರುವ ಅಕ್ಕನ ಮನೆಗೆ ಹೋದಾಗ ಟಿವಿಯಲ್ಲಿ ಅದೇ ಚಿತ್ರ ಬಂತು. ಮುದುಕಿ ಅಂಗಿ ಮಡಚತೊಡಗಿದಳು. ನಾನು ಅಕ್ಕನ ಕಿವಿಯಲ್ಲಿ, "ಅವತ್ತ ನಂದ ತಪ್ಪಾತು" ಎಂದೆ.

ಅಕ್ಕ ಟಿವಿಯಿಂದ ಕಣ್ಣು ಕೀಳಲಿಲ್ಲ. "ನಿನ್ನ ಮಾತಿಗೆ ಎರಡ ರೊಟ್ಟಿ. ದನಿನ ಇಲ್ಲ."

ಅಕ್ಕ ಮತ್ತೆ ರೊಟ್ಟಿ ಕೊಟ್ಟಿದ್ದಳು! ಮನೆ ತುಂಬ ಮಂದಿ ಇದ್ದರು. ಎದ್ದು ನಿಂತು, ಸಂತೆಯಲ್ಲಿ ಕೂಗಿದ ದನಿಯಲ್ಲೇ ಕೂಗಿದೆ:

"ಈ ಕೈ ಮೊದಲ ಕಂಡಾಕಿ ನಮ್ಮಕ್ಕರೀ! ನಾ ಸುಳ್ಳ ಹೇಳಿದ್ದೆ. ತಪ್ಪಾತಕ್ಕಾ, ಹೊಟ್ಟ್ಯಾಗ ಹಾಕ್ಕೋ!"