ಸೊನ್ನೆ ಇಷ್ಟು ಸಲ ಬರಬಾರದಿತ್ತು

ಕಳೆದ ತಿಂಗಳು ರಾಯದುರ್ಗದ ನಮ್ಮ ಓಣಿಯಲ್ಲಿ ಒಬ್ಬ ಹುಡುಗಿ ಊಟ ಬಿಟ್ಟು ಕೂತಿದ್ದಳು. ಪರೀಕ್ಷೆ ಫೇಲ್ ಆಗಿರಲಿಲ್ಲ. ಅವಳ ಲೆಕ್ಕದ ಉತ್ತರ ವಿಪರೀತ ಅಚ್ಚುಕಟ್ಟಾಗಿ ಬಂದಿತ್ತು. ಅದೇ ಚಿಂತೆ.

ಹುಡುಗಿ ಶಾರದಾ, ಎದುರು ಮನೆಯ ನರಸಮ್ಮನ ಮಗಳು. ನರಸಮ್ಮ ಮಡಕಶಿರ ಕಡೆಯವರು. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು ಬಿಟ್ಟು, ಜೀನ್ಸ್ ಹೊಲಿಯುವ ನಮ್ಮೂರಿಗೆ ಬಂದವರು. ಈಗ ಒಂದು ಯೂನಿಟ್ಟಿನಲ್ಲಿ ಚೆಕ್ಕರ್. ಹೊಲಿದು ಬಂದ ಪ್ಯಾಂಟನ್ನು ತಿರುವಿ ತಪ್ಪು ಹುಡುಕುವ ಕೆಲಸ. ಮಗಳು ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಾಳೆ.

"ಏನಮ್ಮ ಸಮಸ್ಯೆ?" ಎಂದೆ.

ಅವಳು ಹೇಳಿದ್ದು ಇಷ್ಟು. ಪರಮಾಣುವಿನ ನ್ಯೂಕ್ಲಿಯಸ್ಸಿನಂಥ ಕಡೆ ಹಲವು ಕಣಗಳು ಒಂದನ್ನೊಂದು ಎಳೆಯುತ್ತವೆ, ತಳ್ಳುತ್ತವೆ. ಎಷ್ಟು ಬಲದಿಂದ? ಅದನ್ನು ಕಂಪ್ಯೂಟರ್ ದಾಳ ಎಸೆದಂತೆ ಅಡ್ಡಾದಿಡ್ಡಿಯಾಗಿ ಆರಿಸುತ್ತದೆ. ಆಮೇಲೆ ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಿ ಒಟ್ಟು ಸ್ಪಿನ್ ಎಷ್ಟೆಂದು ನೋಡಬೇಕು. (ಸ್ಪಿನ್ ಅಂದರೆ ಗಿರಕಿಯ ಅಳತೆ ಎಂದುಕೊಳ್ಳಿ. ವಿಜ್ಞಾನಿಗಳು ಒಪ್ಪಲಾರರು.) ಕಣಗಳ ಸಂಖ್ಯೆ ಸಮವಾಗಿದ್ದರೆ, ಸ್ಪಿನ್ ಸೊನ್ನೆ ಇರುವ ಸ್ಥಿತಿಗಳು ತೀರಾ ಕಡಿಮೆ. ಆದರೂ ದಾಳ ಎಸೆದಾಗಲೆಲ್ಲ ಬಹುಪಾಲು ಆ ಕಡಿಮೆ ಶಕ್ತಿಯ ಜಾಗ ಗೆಲ್ಲುವುದು ಸೊನ್ನೆಯೇ.

ಇದನ್ನು ಬೇರೆಯವರೂ ಕಂಡಿದ್ದಾರೆ. ಆದರೆ ಶಾರದಾ ಆರಿಸಿಕೊಂಡ ಹೊಸ ವ್ಯವಸ್ಥೆಯಲ್ಲಿ ಸೊನ್ನೆ ಇನ್ನೂ ಹೆಚ್ಚು ಸಲ ಬರುತ್ತಿತ್ತು.

"ಮುಂದಿನ ವಾರ ಥೀಸಿಸ್ ನೋಡೋ ಕಮಿಟಿ ಇದೆ, ಅಂಕಲ್. ಈ ಅಧ್ಯಾಯ ತೆಗೆದುಹಾಕ್ತೀನಿ."

ಎರಡು ವರ್ಷದ ದುಡಿಮೆ!

"ತಪ್ಪು ಸಿಕ್ಕಿತಾ?"

"ಇಲ್ಲ. ನಾಲ್ಕು ತಿಂಗಳಿಂದ ಹುಡುಕ್ತಿದೀನಿ."

"ಮತ್ತೆ ತೆಗೆಯೋದು ಯಾಕೆ?"

"ಇಷ್ಟು ಸರಿಯಾಗಿ ಬಂದರೆ ಎಲ್ಲೋ ತಪ್ಪಿರಲೇಬೇಕು."

ಈ ತರ್ಕ ಎಲ್ಲಿಂದ ಬಂತು? ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದ ನರಸಮ್ಮ ನಕ್ಕರು.

"ನಮ್ಮ ಯೂನಿಟ್ನಾಗೂ ಹಂಗೇ ಕಣಣ್ಣ. ಬಂಡಲ್‌ನಾಗೆ ಒಂದೂ ಡ್ಯಾಮೇಜ್ ಇಲ್ಲ ಅಂದ್ರೆ ಸೂಪರ್‌ವೈಸರ್ ನನ್ನೇ ಹಿಡ್ಕಂತಾನೆ. 'ಯಾಕ್ರಿ ನರಸಮ್ಮಾ, ಕಣ್ ಮುಚ್ಚಿ ನೋಡೀರೇನ್ರಿ?' ಅಂತಾನೆ. ಅದ್ಕೇ ಒಂದು ದಾರ ಎದ್ದಿದ್ರೂ ಸೀಮೆಸುಣ್ಣದಾಗೆ ಗೀಟು ಹಾಕ್ತೀವಿ."

ಮನೆಯಲ್ಲಿ ದಿನಾ ಈ ಮಾತು ಕೇಳುತ್ತ ಬೆಳೆದವಳು ಶಾರದಾ. ಗೀಟು ಹಾಕಲು ಜಾಗ ಸಿಗದಿದ್ದರೆ ಇಡೀ ಪ್ಯಾಂಟನ್ನೇ ಎಸೆಯಲು ಹೊರಟಿದ್ದಳು.

"ಗೀಟು ಹಾಕದೇ ಬಿಟ್ಟ ಬಂಡಲ್ ಏನಾಗುತ್ತೆ?" ಕೇಳಿದೆ. (ವರದಿಗಾರನ ಚಟ.)

"ಇನ್ನೊಬ್ಬ ಚೆಕ್ಕರ್ ಹತ್ರ ಹೋಗ್ತೈತೆ. ನಾನೇನು ಬರ್ದೆ ಅಂತ ಅವಳಿಗೆ ತೋರ್ಸಲ್ಲ. ಅವಳೂ ಸರಿ ಅಂದ್ರೆ ಪ್ಯಾಕಿಂಗು." ಮಗಳ ಕಡೆ ತಿರುಗಿದರು. "ನಿಂದನ್ನ ನೀನೇ ನೂರು ಸಲ ನೋಡ್ಕಂಡು ಕುಂತಿದೀಯ. ಬ್ಯಾರೇರ ಕೈಗೆ ಕೊಟ್ಟಿದೀಯೇನಮ್ಮಿ?"

ಕೊಟ್ಟಿರಲಿಲ್ಲ. ತಪ್ಪು ತನ್ನದೇ ಎಂದು ನಂಬಿದವಳು ಅದನ್ನು ಇನ್ನೊಬ್ಬರಿಗೆ ತೋರಿಸುವಳೇ?

ಅವತ್ತೇ ತನ್ನಂತೆಯೇ ಪಿಎಚ್‌.ಡಿ. ಮಾಡುವ ಹಾಸ್ಟೆಲ್ ಗೆಳತಿಗೆ ಫೋನ್ ಮಾಡಿದಳು. ಬರೀ ಪ್ರಶ್ನೆ ಕೊಟ್ಟಳು. ತನ್ನ ಪ್ರೋಗ್ರಾಮನ್ನೂ ಕಳಿಸಲಿಲ್ಲ, ಉತ್ತರವನ್ನೂ ಹೇಳಲಿಲ್ಲ. ಗೆಳತಿ ಮೊದಲಿನಿಂದ ಬರೆದು ಓಡಿಸಬೇಕು.

ಐದನೇ ದಿನ ಗೆಳತಿಯ ಫೋನ್ ಬಂತು. ದನಿ ಸಪ್ಪಗಿತ್ತು. "ಸಾರಿ ಕಣೇ. ಎಲ್ಲೋ ಎಡವಟ್ಟು ಮಾಡಿದೀನಿ. ಸೊನ್ನೆ ತುಂಬಾ ಜಾಸ್ತಿ ಬರ್ತಿದೆ."

ಅಧ್ಯಾಯ ಉಳಿಯಿತು. ಶಾರದಾ ಅದನ್ನು ಕಮಿಟಿಯ ಮುಂದಿಟ್ಟಳು. ಹಿರಿಯ ಪ್ರೊಫೆಸರ್ ಒಬ್ಬರು ಕನ್ನಡಕ ತೆಗೆದು ಕೇಳಿದರಂತೆ: "ಬಲಗಳೆಲ್ಲ ಅಡ್ಡಾದಿಡ್ಡಿ ಅಂತೀಯ. ಹಾಗಾದರೆ ಈ ಶಿಸ್ತು ಯಾಕೆ ಬರುತ್ತೆ?"

"ಹಲವರು ಹಲವು ಕಾರಣ ಕೊಟ್ಟಿದ್ದಾರೆ ಸರ್. ಎಲ್ಲ ಕಡೆಗೂ ಹೊಂದುವ ಕಾರಣ ಇನ್ನೂ ಸಿಕ್ಕಿಲ್ಲ. ನನಗೂ ಗೊತ್ತಿಲ್ಲ."

ಅವರು ಸಹಿ ಹಾಕಿದರು.

ನಾನು ಎಷ್ಟೋ ಚುನಾವಣೆಗಳ ಸಂಜೆ, ಎಣಿಕೆ ಮುಗಿಯುವ ಮೊದಲೇ, ಸೋಲಿಗೆ ಐದು ಕಾರಣ ಬರೆದು ಡೆಸ್ಕಿಗೆ ಕೊಟ್ಟವನು. "ಏನಾಯಿತೆಂದು ಗೊತ್ತು, ಯಾಕಾಯಿತೆಂದು ಗೊತ್ತಿಲ್ಲ" ಎಂಬ ಒಂದು ಸಾಲು ಬರೆಯಲು ನಮಗ್ಯಾವ ಕಮಿಟಿಯ ಭಯ?